ಬ್ರೇಕ್ ಮೇಷ್ಟ್ರು ಮುಂಗಡ ಕೊಟ್ಟ ಮನೆ

ನಮ್ಮ ಓಣಿಯಲ್ಲಿ ಅವರನ್ನು ಹೆಸರು ಹಿಡಿದು ಕರೆಯುವವರಿಲ್ಲ. ಬ್ರೇಕ್ ಮೇಷ್ಟ್ರು ಅಂದರೆ ಸಾಕು, ಯಾರು ಬೇಕಾದರೂ ಮನೆ ತೋರಿಸುತ್ತಾರೆ. ಅವರು ಡ್ರೈವಿಂಗ್ ಸ್ಕೂಲು ನಡೆಸುತ್ತಾರೆ. ಸ್ಕೂಲು ಅಂದರೆ ಒಂದು ಹಳೆಯ ಬಿಳಿ ಕಾರು, ಅದರ ನೆತ್ತಿಯ ಮೇಲೊಂದು ಬೋರ್ಡು, ಒಳಗೆ ಮೇಷ್ಟ್ರು, ಅಷ್ಟೇ. ಕಲಿಯುವವರು ಸ್ಟೀರಿಂಗ್ ಹಿಡಿದರೆ ಮೇಷ್ಟ್ರು ಪಕ್ಕದ ಸೀಟಿನಲ್ಲಿ ಕೂರುತ್ತಾರೆ. ಅವರ ಕಾಲ ಬಳಿಯೂ ಒಂದು ಬ್ರೇಕ್ ಪೆಡಲ್ ಇದೆ. ಕಲಿಯುವವರು ಗಾಬರಿಬಿದ್ದು ಕೈಕಾಲು ಬಿಟ್ಟರೆ ಕಾರು ನಿಲ್ಲಿಸಲೆಂದು ಮಾಡಿಸಿದ್ದು ಅದು.

ವರ್ಷಗಟ್ಟಲೆ ಆ ಪೆಡಲನ್ನು ತುಳಿದೂ ತುಳಿದೂ ಮೇಷ್ಟ್ರ ಬಲಗಾಲಿಗೆ ಸ್ವಂತ ಬುದ್ಧಿ ಬಂದುಬಿಟ್ಟಿದೆ. ಬಸ್ಸಿನಲ್ಲಿ ಕೂತಾಗ ಡ್ರೈವರ್ ಸ್ವಲ್ಪ ಜೋರಾಗಿ ಹೋದರೆ ಮೇಷ್ಟ್ರ ಕಾಲು ಮುಂದಿನ ಸೀಟನ್ನು ಒತ್ತುತ್ತದೆ. ಓಣಿಯ ಬುಡದಲ್ಲಿರುವ ಕ್ಷೌರದಂಗಡಿಯಲ್ಲಿ ಕತ್ತಿ ಕಿವಿಯ ಹತ್ತಿರ ಬಂದರೆ ಕಾಲು ನೆಲ ಒತ್ತುತ್ತದೆ. ಟಿ.ವಿ.ಯಲ್ಲಿ ಯಾರೋ ಯಾರನ್ನೋ ಅಟ್ಟಿಸಿಕೊಂಡು ಓಡಿದರೂ ಒತ್ತುತ್ತದೆ. ಸಾಲ, ಚೀಟಿ, ಪಾಲುದಾರಿಕೆ ಅಂತ ಯಾರಾದರೂ ಬಾಯಿ ತೆರೆದರಂತೂ ಮಾತು ಮುಗಿಯುವ ಮೊದಲೇ ಒತ್ತಿಯಾಗಿರುತ್ತದೆ. ಇಡೀ ಓಣಿಯಲ್ಲಿ ಎಲ್ಲೂ ಮುಗ್ಗರಿಸದೆ ಬದುಕಿದವರು ಯಾರು ಅಂದರೆ ಎಲ್ಲರೂ ಮೇಷ್ಟ್ರ ಕಡೆ ಕೈ ತೋರಿಸುತ್ತಿದ್ದರು.

ಅವರ ಹೆಂಡತಿ ಮನೆಯಲ್ಲೇ ಬಟ್ಟೆ ಹೊಲಿಯುತ್ತಾರೆ. ನಮಗೆಲ್ಲ ಅವರು ಟೇಲರಕ್ಕ. ಹೊಲಿಗೆ ಯಂತ್ರದ ಪೆಡಲನ್ನು ಅವರು ಬೆಳಗಿನಿಂದ ಸಂಜೆವರೆಗೆ ತುಳಿಯುತ್ತಾರೆ. ಅವರು ತುಳಿದಷ್ಟೂ ಯಂತ್ರ ಓಡುತ್ತದೆ. ಎದುರಿನ ಕುರ್ಚಿಯಲ್ಲಿ ಮೇಷ್ಟ್ರು ಕೂತಿದ್ದರೆ, ಸೂಜಿ ಅಕ್ಕನ ಬೆರಳಿನ ಹತ್ತಿರ ಬಂದಾಗಲೆಲ್ಲ ಇವರ ಕಾಲು ನೆಲ ಒತ್ತುತ್ತದೆ.

"ನಾನು ಹೋಗು ಅಂತೀನಿ, ನೀವು ನಿಲ್ಲು ಅಂತೀರಿ. ಈ ಯಂತ್ರಕ್ಕೆ ತಲೆ ಕೆಟ್ಟು ಹೋಗುತ್ತೆ ನೋಡಿ," ಎಂದು ಅಕ್ಕ ನಗುತ್ತಿದ್ದರು.

ಅವರ ಮನೆ ಓಣಿಯ ತುತ್ತತುದಿಯಲ್ಲಿದೆ. ನಮ್ಮ ಓಣಿ ಅಂದರೆ ಮೆಟ್ಟಿಲ ಓಣಿ. ಎಷ್ಟು ಮೆಟ್ಟಿಲು ಎಂದು ಎಣಿಸಲು ಹೊರಟವರೆಲ್ಲ ನಡುವೆ ಏದುಸಿರು ಬಂದು ಲೆಕ್ಕ ತಪ್ಪುತ್ತಾರೆ. ಹತ್ತಿದ ಮೇಲೆ ಮಾತ್ರ ಚೆನ್ನಾಗಿದೆ: ಎರಡು ಕೋಣೆ, ಬೆಳಕು ತುಂಬಿದ ಅಡುಗೆಮನೆ, ಕಿಟಕಿ ತೆರೆದರೆ ಕಾಲ ಕೆಳಗೆ ಊರಿನ ಅಷ್ಟೂ ಚಾವಣಿಗಳು. ಆದರೆ ಸೈಕಲ್ ತರಬೇಕೆಂದರೂ ಹೆಗಲ ಮೇಲೆ ಹೊತ್ತು ತರಬೇಕು. ಹಾಗಾಗಿ ಊರಿಗೆಲ್ಲ ಕಾರು ಕಲಿಸಿದ ಮನುಷ್ಯ ತನ್ನ ಕಾರನ್ನು ಒಂದು ದಿನವೂ ತನ್ನ ಮನೆಯೆದುರು ನಿಲ್ಲಿಸಿದವನಲ್ಲ. ಅದು ಕ್ಷೌರದಂಗಡಿಯ ಮುಂದೆ ಮಲಗುತ್ತದೆ, ಮೇಷ್ಟ್ರು ಇಲ್ಲಿ ಮಲಗುತ್ತಾರೆ.

ಟೇಲರಕ್ಕನಿಗೆ ಒಂದು ಆಸೆಯಿತ್ತು. ಓಣಿಯ ಬುಡದಲ್ಲಿ, ದೊಡ್ಡ ರಸ್ತೆಗೆ ಮುಖ ಮಾಡಿ ಒಂದು ಚಿಕ್ಕ ಅಂಗಡಿ ಹಿಡಿಯಬೇಕು. ಬಟ್ಟೆ ಹೊಲಿಸುವವರು ಇಷ್ಟು ಮೆಟ್ಟಿಲು ಹತ್ತಿ ಬಂದು, ಸೊಂಟದ ಅಳತೆ ಕೊಡುವ ಮೊದಲು ಒಂದು ಲೋಟ ನೀರು ಕೇಳುವುದು ತಪ್ಪಬೇಕು. ಅದಕ್ಕೆಂದು ಅವರು ಕಾಜ ಹೊಲಿದು, ಗುಂಡಿ ಹಾಕಿ, ಯೂನಿಫಾರಂ ಹೊಲಿದು ಬ್ಯಾಂಕಿನಲ್ಲಿ ದುಡ್ಡು ಕೂಡಿಟ್ಟಿದ್ದರು. ಖಾತೆ ಇಬ್ಬರ ಹೆಸರಿನಲ್ಲಿತ್ತು. ಮೇಷ್ಟ್ರ ಹೆಸರಿದ್ದರೆ ದುಡ್ಡಿಗೆ ಬ್ರೇಕ್ ಇದ್ದ ಹಾಗೆ ಎಂದು ಅಕ್ಕನೇ ಸೇರಿಸಿದ್ದು.

ಅನಾಹುತ ನಡೆದದ್ದು ಊರಿನ ಆ ತುದಿಯಲ್ಲಿ. ಅಲ್ಲಿ ಮುಂದಕ್ಕೆ ದಾರಿಯಿಲ್ಲದ ಒಂದು ಅಗಲವಾದ ಬೀದಿಯಿದೆ. ಮೇಷ್ಟ್ರು ಶಿಷ್ಯರಿಗೆ ರಿವರ್ಸ್ ಕಲಿಸುವುದು ಅಲ್ಲೇ. ಬೀದಿಯ ಕೊನೆಯ ಮನೆ ಒಬ್ಬ ನಿವೃತ್ತ ನರ್ಸಮ್ಮನದು. ಅವರ ಕಾಂಪೌಂಡಿನ ಮೂಲೆ ಮೇಷ್ಟ್ರ ಶಿಷ್ಯರು ಗುದ್ದಿ ಗುದ್ದಿ ಮೂರು ಬಣ್ಣವಾಗಿದೆ. ಪ್ರತಿ ಸಲವೂ ಮೇಷ್ಟ್ರು ಭಾನುವಾರ ಸಿಮೆಂಟು ಹಿಡಿದುಕೊಂಡು ಹೋಗಿ ತೇಪೆ ಹಾಕುತ್ತಿದ್ದರು. ನರ್ಸಮ್ಮ ಚಹಾ ಕುಡಿಯುತ್ತಾ ಬಾಗಿಲಲ್ಲಿ ನಿಂತು "ಈ ಸಲ ಯಾರು?" ಎಂದಷ್ಟೇ ಕೇಳುತ್ತಿದ್ದರು. ಆ ಮನೆಗೆ ಎರಡು ಬಾಗಿಲಿನ ದೊಡ್ಡ ಗೇಟು. ಒಳಗೆ ಕಾರು ನಿಲ್ಲಿಸಲೆಂದೇ ಕಟ್ಟಿಸಿದ ಚಾವಣಿ. ನರ್ಸಮ್ಮನಿಗೆ ಕಾರಿಲ್ಲ, ಅಲ್ಲಿ ಅವರು ಬಟ್ಟೆ ಒಣಗಿಸುತ್ತಿದ್ದರು. ಕಾರು ನಿಲ್ಲಬೇಕಾದ ಕಡೆ ಟವೆಲ್ಲು ನೇತಾಡುವುದನ್ನು ಕಂಡರೆ ಮೇಷ್ಟ್ರು ಸಿಮೆಂಟು ಕಲಸುವುದನ್ನೇ ಮರೆತು ನಿಲ್ಲುತ್ತಿದ್ದರು.

ಆ ದಿನ ಕಲಿಯಲು ಬಂದಿದ್ದವರು ಕನ್ನಡಕದ ಮೇಡಂ. ನಮ್ಮ ಓಣಿಯ ಬುಡದಲ್ಲಿ ಕಣ್ಣು ಪರೀಕ್ಷಿಸಿ ಕನ್ನಡಕ ಮಾಡಿಕೊಡುವ ಅಂಗಡಿ ಅವರದು. ಒಂಟಿ ಹೆಂಗಸು, ಮಧ್ಯವಯಸ್ಸು, ದೂರದ ಬಾಡಿಗೆ ಮನೆಯಿಂದ ಎರಡು ಬಸ್ಸು ಬದಲಿಸಿ ಬರುತ್ತಿದ್ದರು. ಲೈಸೆನ್ಸ್ ಟೆಸ್ಟಿನಲ್ಲಿ ಅವರು ಫೇಲಾದಷ್ಟು ಸಲ ಊರಿನಲ್ಲಿ ಇನ್ನಾರೂ ಆಗಿಲ್ಲ. ಆದರೂ ಮೇಷ್ಟ್ರು ಅವರನ್ನು ಬಿಟ್ಟಿರಲಿಲ್ಲ. ನಿಮ್ಮಿಂದ ಆಗುವುದಿಲ್ಲ ಎಂದು ಅವರು ಇದುವರೆಗೆ ಯಾವ ಶಿಷ್ಯರಿಗೂ ಹೇಳಿದವರಲ್ಲ.

ನರ್ಸಮ್ಮನ ಗೇಟಿನ ಬಳಿ ಅಳತೆ ಟೇಪು ಹಿಡಿದ ಒಬ್ಬ ಮನುಷ್ಯ ಓಡಾಡುತ್ತಿದ್ದ. ಮೇಷ್ಟ್ರು ಕಾರಿನಿಂದಿಳಿದು ಹೋದರು.

"ಮನೆ ಮಾರ್ತಿದ್ದೀನಿ ಮೇಷ್ಟ್ರೇ," ಎಂದರು ನರ್ಸಮ್ಮ. "ತಂಗಿ ಹತ್ರ ಹೋಗ್ತೀನಿ. ಅವಳ ಮನೆ ಮೇಲೆ ನನಗೆ ಅಂತ ರೂಮು ಕಟ್ಟಿಸ್ತಿದ್ದೀನಿ. ಇವರು ಕೊಳ್ತಾರಂತೆ. ಕೆಡವಿ ಗೋಡೌನ್ ಮಾಡ್ತಾರಂತೆ."

"ಆಮೇಲೆ ಇಲ್ಲೆಲ್ಲ ಲಾರಿ ನಿಲ್ಲುತ್ತೆ ಸ್ವಾಮಿ," ಎಂದ ಟೇಪಿನವನು. "ನಿಮ್ಮ ಕಲಿಯೋ ಗಾಡಿಗೆ ಬೇರೆ ಜಾಗ ನೋಡ್ಕೊಳ್ಳಿ."

ಮೇಷ್ಟ್ರು ಗೇಟು ನೋಡಿದರು, ಚಾವಣಿ ನೋಡಿದರು, ತಾವೇ ತೇಪೆ ಹಾಕಿದ ಗೋಡೆ ನೋಡಿದರು.

"ಕೆಡವೋದು ಬೇಡ. ನಾನೇ ತಗೋತೀನಿ," ಎಂದುಬಿಟ್ಟರು.

ಅವರ ಬಲಗಾಲು ಎಂದಿನಂತೆ ಒತ್ತಿತಂತೆ. ಏನು ಮಾಡುವುದು, ಅವರು ನಿಂತಿದ್ದದ್ದು ರಸ್ತೆಯ ಮೇಲೆ. ರಸ್ತೆಗೆ ಯಾರೂ ಪೆಡಲ್ ಹಾಕಿಸಿರಲಿಲ್ಲ.

"ಮೇಷ್ಟ್ರೇ, ನಾನು ಇಳೀಲಾ, ಇಲ್ಲೇ ಇರಲಾ?" ಎಂದು ಕಾರಿನೊಳಗಿಂದ ಕನ್ನಡಕದ ಮೇಡಂ ಕೂಗಿದರು.

ನರ್ಸಮ್ಮ ಟೇಪಿನವನನ್ನು ಕಳಿಸಿ, ಮೇಷ್ಟ್ರನ್ನು ಒಳಗೆ ಕೂರಿಸಿ ಹೇಳಿದರು: "ನಿಮಗೇ ಕೊಡೋಕೆ ನನಗೂ ಇಷ್ಟ. ಆದ್ರೆ ಅಲ್ಲಿ ರೂಮು ಕಟ್ಟೋರು ನನ್ನ ಮುಖ ನೋಡಿ ಕಾಯಲ್ಲ. ಮುಂಗಡ ಕೊಡಿ. ಮೂರು ತಿಂಗಳಲ್ಲಿ ಉಳಿದದ್ದು ಕೊಡಿ. ಆಗಲಿಲ್ಲ ಅಂದ್ರೆ ಮುಂಗಡ ವಾಪಸ್ ಇಲ್ಲ. ಇಂಜೆಕ್ಷನ್ ಕೊಡುವಾಗಲೂ ನಾನು ಹೀಗೇ, ನೋವಾಗುತ್ತೆ ಅಂತ ಮೊದಲೇ ಹೇಳಿಬಿಡ್ತೀನಿ."

ಮೇಷ್ಟ್ರು ಮರುದಿನವೇ ಬ್ಯಾಂಕಿಗೆ ಹೋಗಿ ಅಕ್ಕನ ಅಂಗಡಿಯ ದುಡ್ಡನ್ನು ತೆಗೆದು ಮುಂಗಡ ಕೊಟ್ಟರು. ಉಳಿದದ್ದಕ್ಕೆ ಮೆಟ್ಟಿಲ ಮೇಲಿನ ಮನೆ ಮಾರಿದರಾಯಿತು, ಅಷ್ಟು ಬೆಳಕಿರುವ ಮನೆಗೆ ಜನ ಮುಗಿಬೀಳುತ್ತಾರೆ ಎಂದು ಅವರ ಲೆಕ್ಕ. ಕರಾರಿಗೆ ಸಹಿ ಹಾಕಿ ಮನೆಗೆ ಬಂದು, ಹೊಲಿಗೆ ಯಂತ್ರದ ಎದುರು ಕೂತು, ವಿಷಯ ಹೇಳಿದರು.

ಅಕ್ಕ ಹೊಲಿಯುತ್ತಿದ್ದ ತೋಳು ಅರ್ಧಕ್ಕೇ ನಿಂತಿತು.

"ನಮ್ಮನೆ ಯಾರು ತಗೊಂಡ್ರು?"

"ಇನ್ನೂ ಯಾರೂ ಇಲ್ಲ."

"ಕೇಳಿದವರು?"

"ಕೇಳ್ತಾರೆ ಕಣೇ. ಬೋರ್ಡು ಹಾಕೋಣ."

"ರೀ, ಒಂದು ಮಾತು ಕೇಳ್ತೀನಿ. ಅಳತೆ ತಗೊಳ್ಳೋಕೆ ಮುಂಚೆ ನಾನು ಯಾವತ್ತಾದ್ರೂ ಬಟ್ಟೆ ಕತ್ತರಿಸಿದ್ದು ನೋಡಿದ್ದೀರಾ?"

"ಇಲ್ಲ."

"ಮತ್ತೆ ನನ್ನ ಅಂಗಡಿನೇ ಕತ್ತರಿಸಿ ಬಂದಿದ್ದೀರಲ್ಲ! ಮೆಣಸಿನಕಾಯಿ ಕೊಳ್ಳೋಕೆ ನಾಲ್ಕು ಅಂಗಡಿ ಸುತ್ತೋ ಮನುಷ್ಯ ನೀವು. ನಿಮ್ಮ ಕಾಲಿಗೇನು ಲಕ್ವ ಹೊಡೆದಿತ್ತಾ ಆಗ?"

ಅಕ್ಕ ಯಂತ್ರವನ್ನು ಮತ್ತೆ ಓಡಿಸಿದರು. ಆ ದಿನ ಅದರ ಸದ್ದು ಓಣಿಯ ಬುಡದವರೆಗೂ ಕೇಳಿತು.

ಬ್ರೋಕರ್ ಜನರನ್ನು ಕರೆತರಲು ಶುರುಮಾಡಿದ. ಮೊದಲು ಬಂದದ್ದು ಗಂಡ ಹೆಂಡತಿ. ಏದುಸಿರು ಬಿಡುತ್ತಾ ಹತ್ತಿದರು, ನೀರು ಕುಡಿದರು, ಅಡುಗೆಮನೆಯ ಬೆಳಕನ್ನು ಹೊಗಳಿದರು, ಕಿಟಕಿಯಲ್ಲಿ ನಿಂತು ಫೋಟೊ ತೆಗೆದುಕೊಂಡರು. ಮೇಷ್ಟ್ರ ಮುಖ ಅರಳಿತು. ಆಗ ಹೆಂಗಸು ಕೇಳಿದರು: "ಎಲ್ಲಾ ಸರಿ. ಕಾರು ಎಲ್ಲಿ ನಿಲ್ಲಿಸೋದು?"

"ಕಾರು... ಕೆಳಗೆ, ಕ್ಷೌರದಂಗಡಿ ಮುಂದೆ..."

"ಅಯ್ಯೋ, ಅಷ್ಟು ದೂರಾನಾ? ಎಷ್ಟು ಕಷ್ಟಪಟ್ಟು ಕಲಿತಿದ್ದೀನಿ ಅಂತ ನಿಮಗೇ ಗೊತ್ತಲ್ಲ ಮೇಷ್ಟ್ರೇ. ನನ್ನ ನೆನಪಾಗಲಿಲ್ವಾ? ನಿಮ್ಮ ಹತ್ರಾನೇ ಕಲಿತಿದ್ದು ನಾನು."

ಎರಡನೆಯವರೂ ಹಾಗೇ. ಬ್ಯಾಂಕಿನ ಕ್ಯಾಷಿಯರ್, ಮೇಷ್ಟ್ರ ಹಳೆಯ ಶಿಷ್ಯ. ಮೂರನೆಯವರು ಕಾರು ಓಡಿಸದ ವಯಸ್ಸಾದವರು, ಮೇಷ್ಟ್ರಿಗೆ ಹೋದ ಜೀವ ಬಂದಂತಾಯಿತು. ಅವರು ಮನೆಯೆಲ್ಲ ನೋಡಿ, "ನನಗೇನೋ ಸರಿ. ನಮ್ಮ ಸೊಸೆ ಒಪ್ಪಲ್ಲ. ಮೊನ್ನೆ ತಾನೆ ನಿಮ್ಮ ಸ್ಕೂಲಿಗೆ ಸೇರಿದ್ದಾಳೆ," ಎಂದು ಕೈಮುಗಿದು ಇಳಿದು ಹೋದರು.

ಬಂದವರು ಯಾರೇ ಆಗಲಿ, ಅವರೋ ಅವರ ಮನೆಯವರೋ ಮೇಷ್ಟ್ರ ಕಾರಿನಲ್ಲೇ ಕಲಿತವರು. ಇಷ್ಟು ವರ್ಷ ಮೇಷ್ಟ್ರು ಒಂದು ದಿನವೂ ರಜ ಹಾಕದೆ, ಮಳೆಗೂ ಬಿಸಿಲಿಗೂ ಅಂಜದೆ, ಇಡೀ ಊರನ್ನು ಕಾರಿನಲ್ಲಿ ಕೂರಿಸಿ ತಯಾರು ಮಾಡಿದ್ದರು. ಈಗ ಆ ಊರಿಗೆ ಕಾರು ನಿಲ್ಲಿಸಲು ಜಾಗವಿಲ್ಲದ ಮನೆ ಬೇಡವಾಗಿತ್ತು.

"ಮೇಷ್ಟ್ರೇ, ನೀವು ಈಜು ಕಲಿಸಬೇಕಿತ್ತು," ಎಂದ ಕ್ಷೌರದವನು, ಅವರ ಗಡ್ಡಕ್ಕೆ ನೊರೆ ಹಚ್ಚುತ್ತಾ. "ಈಜು ಕಲಿತವರು ಯಾರೂ ಮನೆ ನೋಡೋಕೆ ಬಂದು ಕೆರೆ ಎಲ್ಲಿ ಅಂತ ಕೇಳಲ್ಲ."

"ಸುಮ್ನೆ ಕೆಲಸ ಮಾಡಯ್ಯ."

"ಮಾಡ್ತೀನಿ. ಕಾಲು ಒತ್ತಬೇಡಿ, ಕುರ್ಚಿ ಹಿಂದೆ ಹೋಗುತ್ತೆ."

ಎರಡು ತಿಂಗಳು ಕಳೆದರೂ ಗಿರಾಕಿ ಕುದುರಲಿಲ್ಲ. ಬೆಲೆ ಇಳಿಸಿದರು. ಮೆಟ್ಟಿಲು ಗುಡಿಸಿದರು. "ಆರೋಗ್ಯಕ್ಕೆ ಒಳ್ಳೆಯದು" ಎಂದು ಬ್ರೋಕರ್ ಬೋರ್ಡಿನಲ್ಲಿ ಬರೆಸಿದ. ಅದನ್ನು ಓದಿ ಜನ ನಕ್ಕರೇ ಹೊರತು ಹತ್ತಲಿಲ್ಲ. ಟೇಲರಕ್ಕ ಬೈಯುವುದನ್ನೂ ಬಿಟ್ಟುಬಿಟ್ಟಿದ್ದರು. ಅದರಿಂದ ಮೇಷ್ಟ್ರಿಗೆ ಇನ್ನೂ ಹೆಚ್ಚು ಭಯವಾಗಿತ್ತು.

ಆಗ ಒಂದು ಸಂಜೆ ಕನ್ನಡಕದ ಮೇಡಂ ಮೆಟ್ಟಿಲು ಹತ್ತಿ ಬಂದರು. ಕೋಣೆ ನೋಡಿದರು, ಅಡುಗೆಮನೆ ನೋಡಿದರು, ಕಿಟಕಿಯ ಬಳಿ ಬಹಳ ಹೊತ್ತು ನಿಂತರು. ಕಾರಿನ ಮಾತೇ ಎತ್ತಲಿಲ್ಲ.

"ಅಂಗಡಿಯಿಂದ ನಡೆದು ಬಂದೆ. ಒಂದು ಬಸ್ಸೂ ಹತ್ತಲಿಲ್ಲ," ಎಂದರು, ತಮಗೇ ನಂಬಿಕೆ ಬಾರದವರಂತೆ. ಕೂತು, ಬ್ಯಾಗು ಮಡಿಲಲ್ಲಿ ಇಟ್ಟುಕೊಂಡು ಮುಂದುವರಿಸಿದರು: "ಮೇಷ್ಟ್ರೇ, ನಾನು ನೇರವಾಗಿ ಹೇಳಿಬಿಡ್ತೀನಿ. ಬರೋ ಸೋಮವಾರ ನನ್ನ ಟೆಸ್ಟ್. ಇದೇ ಕೊನೆ. ಫೇಲಾದ್ರೆ ಕಾರಿನ ಆಸೆ ಬಿಟ್ಟು ನಿಮ್ಮ ಮನೆ ತಗೋತೀನಿ. ಇಲ್ಲಿಂದ ಇಳಿದು ಅಂಗಡಿಗೆ ಹೋಗೋದು, ಹತ್ತಿ ಮನೆಗೆ ಬರೋದು, ಅಷ್ಟೇ ಜೀವನ. ಪಾಸಾದ್ರೆ ಮಾತ್ರ ಕಾರು ತಗೊಳ್ಳೋದೇ. ಆಗ ಕಾರಿಗೆ ಜಾಗ ಇರೋ ಮನೆ ನೋಡಬೇಕಾಗುತ್ತೆ. ಬೇಜಾರು ಮಾಡ್ಕೋಬೇಡಿ."

ಅವರು ಇಳಿದು ಹೋದ ಮೇಲೆ ಟೇಲರಕ್ಕನ ಮುಖದಲ್ಲಿ ಎರಡು ತಿಂಗಳ ನಂತರ ನಗು ಕಂಡಿತು.

"ದೇವರಂಥ ಹೆಂಗಸು! ಮನೆ ಮಾರಾಟ ಆದ ಹಾಗೇ."

"ಹೇಗೆ ಆಗುತ್ತೆ? ಪಾಸಾದ್ರೆ?"

"ಅವರಾ? ಪಾಸಾ?" ಅಕ್ಕ ಹಲ್ಲಿನಲ್ಲಿ ದಾರ ಕಡಿದರು. "ಕಳೆದ ಸಲ ಇನ್ಸ್‌ಪೆಕ್ಟರ್ ಕಾರಿಂದ ಇಳಿದು ನೀರು ಕೇಳಿದ್ರಂತೆ."

"ಹಾಗೆಲ್ಲ ಅನ್ನಬಾರದು. ನನ್ನ ಶಿಷ್ಯೆ."

"ಆಗಲಿ, ಶಿಷ್ಯೇನೇ. ನೀವೇನು ಕೆಟ್ಟದ್ದು ಮಾಡಬೇಕಾಗಿಲ್ಲ. ಎಂದಿನ ಹಾಗೆ ಕಲಿಸಿ, ಸಾಕು."

ಮೇಷ್ಟ್ರು ಮರುದಿನ ಎಂದಿನ ಹಾಗೆಯೇ ಕಲಿಸಲು ಹೋದರು. ನರ್ಸಮ್ಮನ ಬೀದಿಯಲ್ಲಿ ಸೀಮೆಸುಣ್ಣದ ಗೆರೆ ಎಳೆದರು. ಟೆಸ್ಟಿನಲ್ಲಿ ಹೀಗೊಂದು ಗೆರೆ ಇರುತ್ತದೆ. ಕಾರು ಸರಿಯಾಗಿ ಅದರ ಮೇಲೆ ನಿಲ್ಲಬೇಕು. ಮೇಡಂ ಪ್ರತಿ ಸಲವೂ ಫೇಲಾಗಿದ್ದು ಆ ಗೆರೆಯ ಹತ್ತಿರವೇ. ಟೆಸ್ಟಿನ ದಿನ ಹೆದರುತ್ತಾರೆ, ಪಾಪ, ಎಂದು ಮೇಷ್ಟ್ರು ತಿಳಿದಿದ್ದರು. ಇಲ್ಲಿ ಕಲಿಯುವಾಗ ಅವರು ಒಮ್ಮೆಯೂ ತಪ್ಪಿದವರಲ್ಲ. ಆ ಸಂಜೆಯೂ ಕಾರು ಬಂದು ಗೆರೆಯ ಮೇಲೆ ಒಪ್ಪವಾಗಿ ನಿಂತಿತು.

ಯಾಕೋ ಆವತ್ತು ಮೇಷ್ಟ್ರು ಕೆಳಗೆ ನೋಡಿದರು. ತಮ್ಮ ಕಡೆಯ ಪೆಡಲಿನ ಮೇಲೆ ತಮ್ಮದೇ ಕಾಲಿತ್ತು. ಆಮೇಲೆ ಆ ಕಡೆ ನೋಡಿದರು. ಮೇಡಂ ಅವರ ಕಾಲು ಬ್ರೇಕಿನಿಂದ ಒಂದು ಗೇಣು ಆಚೆ ಆರಾಮಾಗಿ ಕೂತಿತ್ತು.

"ಮೇಡಂ, ಈಗ ಬ್ರೇಕ್ ಒತ್ತಿದ್ರಾ?"

"ಕಾರು ನಿಂತಿದೆಯಲ್ಲ ಮೇಷ್ಟ್ರೇ."

"ಅದಲ್ಲ. ನೀವು ಒತ್ತಿದ್ರಾ?"

"ಒತ್ತೋಕೆ ಅಂತ ಹೋದೆ. ಅಷ್ಟರಲ್ಲಿ ನಿಂತಿತು. ಯಾವಾಗಲೂ ಹಾಗೇ ತಾನೇ? ಗೆರೆ ಹತ್ತಿರ ಬಂದ್ರೆ ಕಾರು ತಾನಾಗೇ ನಿಲ್ಲುತ್ತೆ." ಮೇಡಂ ಕನ್ನಡಕ ಸರಿಮಾಡಿಕೊಂಡರು. "ಟೆಸ್ಟಿನ ದಿನ ಮಾತ್ರ ನಿಲ್ಲಲ್ಲ. ಇನ್ಸ್‌ಪೆಕ್ಟರ್ ಸ್ವಲ್ಪ ದಪ್ಪ ಅಲ್ವಾ, ಭಾರಕ್ಕೇನೋ ಅಂದ್ಕೊಂಡಿದ್ದೆ."

ಮೇಷ್ಟ್ರು ಮತ್ತೊಮ್ಮೆ ತಮ್ಮ ಕಾಲನ್ನು ನೋಡಿದರು. ಬೇರೆ ಶಿಷ್ಯರು ಮೇಷ್ಟ್ರಿಗಿಂತ ಮೊದಲೇ ಬ್ರೇಕ್ ಒತ್ತುತ್ತಿದ್ದರು. ಮೇಡಂ ಒಂದು ಚೂರು ನಿಧಾನ. ಆ ಒಂದು ಚೂರಿನೊಳಗೆ ಮೇಷ್ಟ್ರ ಕಾಲು ಪ್ರತಿ ದಿನವೂ ಮುಂದೆ ನುಗ್ಗಿ ಅವರ ಕೆಲಸವನ್ನು ತಾನೇ ಮಾಡಿ ಮುಗಿಸಿತ್ತು. ಇಷ್ಟು ಕಾಲ ಅವರನ್ನು ಫೇಲು ಮಾಡಿಸಿದ್ದು ಬೇರೆ ಯಾರೂ ಅಲ್ಲ. "ಇವತ್ತಿಗೆ ಸಾಕು ಮೇಡಂ," ಎಂದಷ್ಟೇ ಹೇಳಿ ಮೇಷ್ಟ್ರು ಸೀಟು ಬದಲಿಸಿ ಕಾರು ತಿರುಗಿಸಿದರು.

ಮನೆಗೆ ಬಂದು ಹೆಂಡತಿಗೆ ಇದ್ದದ್ದು ಇದ್ದ ಹಾಗೆ ಹೇಳಿದರು. ಟೇಲರಕ್ಕ ಹೊಲಿಗೆ ನಿಲ್ಲಿಸಿ ಪೂರ್ತಿ ಕೇಳಿದರು.

"ಅಂದ್ರೆ, ನೀವು ಎಂದಿನ ಹಾಗೆ ಕಾಲಿಟ್ಟರೆ ಅವರು ಫೇಲು."

"ಹೂಂ."

"ಕಾಲು ತೆಗೆದ್ರೆ?"

"ಎರಡು ದಿನದಲ್ಲಿ ಕಲೀತಾರೆ. ಪಾಸಾದ್ರೂ ಆಗಬಹುದು."

"ಮನೆ ಹೋಗುತ್ತೆ, ಮುಂಗಡ ಹೋಗುತ್ತೆ, ನನ್ನ ಅಂಗಡಿನೂ ಹೋಗುತ್ತೆ."

"ಹೂಂ."

"ಹೂಂ ಹೂಂ ಅಂತೀರಲ್ಲ! ಇಷ್ಟು ವರ್ಷ ಇದ್ದ ಜಾಗದಲ್ಲೇ ಆ ಕಾಲು ಇನ್ನೆರಡು ದಿನ ಇರೋಕಾಗಲ್ವಾ?"

ಮೇಷ್ಟ್ರು ಚಪ್ಪಲಿ ನೋಡುತ್ತಾ ಕೂತರು. ಆ ರಾತ್ರಿ ಬಹಳ ಹೊತ್ತಿನವರೆಗೂ ಹೊಲಿಗೆ ಯಂತ್ರ ಓಡುತ್ತಿತ್ತು.

ಬೆಳಿಗ್ಗೆ ಮೇಷ್ಟ್ರು ಶರಟಿನ ಗುಂಡಿ ಹಾಕಿಕೊಳ್ಳುತ್ತಿದ್ದಾಗ ಟೇಲರಕ್ಕ ಒಂದು ಉದ್ದನೆಯ ಪಟ್ಟಿಯನ್ನು ತಂದು ಅವರ ಮುಂದೆ ಎಸೆದರು. ಬ್ಯಾಗಿಗೆ ಹಾಕುವ ದಪ್ಪ ಬಟ್ಟೆ, ಎರಡು ಪದರ, ಅಂಚಿಗೆ ಜೋಡಿ ಹೊಲಿಗೆ, ತುದಿಯಲ್ಲಿ ಬಕಲ್ಲು.

"ಏನೇ ಇದು?"

"ನಿಮ್ಮ ಕಾಲು ನಿಮ್ಮ ಮಾತು ಕೇಳಲ್ಲ. ಸೀಟಿನ ಕಂಬಿಗೆ ಕಟ್ಟಿಹಾಕ್ಕೊಳ್ಳಿ." ಅಕ್ಕ ಮುಖ ಆ ಕಡೆ ತಿರುಗಿಸಿಕೊಂಡೇ ಹೇಳಿದರು. "ಹೊಟ್ಟೆ ಉರೀತಿದೆ, ಅದು ಬೇರೆ ಮಾತು. ಆದ್ರೆ ನಾನು ಹೊಲಿದಿದ್ದು ಬಿಚ್ಚಿಹೋಯ್ತು ಅಂತ ಇವತ್ತಿನವರೆಗೂ ಯಾರೂ ಈ ಮೆಟ್ಟಿಲು ಹತ್ತಿ ಬಂದಿಲ್ಲ. ಬೇಕು ಅಂತಾನೇ ಸಡಿಲ ಹೊಲಿದು ಕೊಟ್ಟು ಕಾಸು ಎಣಿಸಿಕೊಂಡ ಹಾಗಾಗುತ್ತೆ ಇದು. ಆ ದುಡ್ಡಲ್ಲಿ ಅಂಗಡಿ ಇಟ್ಟರೆ ನನ್ನ ಕೈ ಓಡಲ್ಲ. ಹೋಗಿ, ಹೊತ್ತಾಯ್ತು."

ಮೇಷ್ಟ್ರು ಹೋಗಿ, ಮೇಡಂ ಅವರಿಗೆ ನಿಜ ಹೇಳಿ, ಕಾಲನ್ನು ಸೀಟಿಗೆ ಬಿಗಿದು ಕಟ್ಟಿಕೊಂಡರು. ಮೇಡಂ ಮೊದಲು ನಕ್ಕರು. ಆಮೇಲೆ ಬೆವೆತರು. ಮೊದಲ ಸಲ ಕಾರು ಗೆರೆ ದಾಟಿ, ಬೀದಿ ದಾಟಿ, ನರ್ಸಮ್ಮನ ಗೋಡೆಗೆ ಮುತ್ತಿಟ್ಟು ನಿಂತಿತು.

"ಬ್ರೇಕು! ಬ್ರೇಕು ಮೇಡಂ!"

"ಈಗ ಹೇಳ್ತೀರಲ್ಲ ಮೇಷ್ಟ್ರೇ! ಮೊದಲೆಲ್ಲ ಹೇಳ್ತಾನೇ ಇರಲಿಲ್ಲ!"

ನರ್ಸಮ್ಮ ಕಪ್ಪು ಹಿಡಿದುಕೊಂಡು ಹೊರಬಂದರು. "ಗುದ್ದಿ ಗುದ್ದಿ, ಧಾರಾಳವಾಗಿ ಗುದ್ದಿ. ಈಗ ಗೋಡೆ ನಿಮ್ಮ ಮೇಷ್ಟ್ರದ್ದೇ."

ಎರಡನೆಯ ದಿನದ ಹೊತ್ತಿಗೆ ಕಾರು ಗೆರೆಯ ಆಚೆ ಈಚೆ ನಿಲ್ಲತೊಡಗಿತು. ಸಂಜೆಯ ಹೊತ್ತಿಗೆ ಗೆರೆಯ ಮೇಲೇ ನಿಂತಿತು. ಪಟ್ಟಿ ಎಳೆದೂ ಎಳೆದೂ ಮೇಷ್ಟ್ರ ಕಣಕಾಲಿನಲ್ಲಿ ಕೆಂಪಗೆ ಬರೆ ಬಿದ್ದಿತ್ತು. ಬಕಲ್ಲು ಮಾತ್ರ ಅಲುಗಾಡಲಿಲ್ಲ.

ಸೋಮವಾರ ಟೆಸ್ಟಿನ ಮೈದಾನಕ್ಕೆ ಟೇಲರಕ್ಕನೂ ಬಂದರು. "ದುಡ್ಡು ನನ್ನದು. ಹೋಗೋದಾದ್ರೆ ಕಣ್ಣಾರೆ ನೋಡ್ತೀನಿ," ಎಂದರು. ಇನ್ಸ್‌ಪೆಕ್ಟರ್ ಮೇಷ್ಟ್ರ ಸೀಟಿನಲ್ಲಿ ಕೂತರು. ಕೂರುವ ಮೊದಲು ಮೇಡಂ ಅವರ ಮುಖವನ್ನೊಮ್ಮೆ ನೋಡಿ, ಸೀಟ್ ಬೆಲ್ಟನ್ನು ಎರಡು ಸಲ ಎಳೆದು ಪರೀಕ್ಷಿಸಿದರು. ಗಂಡ ಹೆಂಡತಿ ಬೇಲಿಯ ಹೊರಗೆ ನಿಂತರು.

ಕಾರು ಹೊರಟಿತು. ತಿರುವು ತಗೊಂಡಿತು. ಕಂಬಗಳ ನಡುವೆ ಹಿಂದಕ್ಕೆ ಬಂತು, ಒಂದನ್ನೂ ಕೆಡವಲಿಲ್ಲ. ಈಗ ಗೆರೆಯ ಕಡೆಗೆ ಬರುತ್ತಿತ್ತು. ಸ್ವಲ್ಪ ಜೋರಾಗಿಯೇ ಬರುತ್ತಿತ್ತು. ಮೇಷ್ಟ್ರ ಬಲಗಾಲು ಮಣ್ಣನ್ನು ಒತ್ತಿತು, ಒತ್ತಿತು, ಬೆರಳು ನೆಲದಲ್ಲಿ ಹೂತುಹೋಯಿತು. ಟೇಲರಕ್ಕ ತಮ್ಮ ಕಾಲನ್ನು ಎತ್ತಿ ಆ ಕಾಲಿನ ಮೇಲೆ ಇಟ್ಟರು.

"ಬಿಡ್ರೀ. ಅವರೇ ಒತ್ತಲಿ," ಎಂದರು ಮೆಲ್ಲಗೆ.

ಕಾರು ನಿಂತಿತು. ಗೆರೆಯ ಮೇಲೆ ನಿಂತಿತು. ಅಕ್ಕ ಗಟ್ಟಿಯಾಗಿ ಚಪ್ಪಾಳೆ ತಟ್ಟಿದರು. ನಾಲ್ಕು ಸಲ ತಟ್ಟಿದ ಮೇಲೆ, ಏನಾಯಿತೆಂದು ನೆನಪಾಗಿ, ಕೈ ನಿಲ್ಲಿಸಿದರು. ಬೇಲಿಯ ಹೊರಗೆ ಇಬ್ಬರೂ ಪೆಚ್ಚಾಗಿ ನಿಂತರು.

ಇನ್ಸ್‌ಪೆಕ್ಟರ್ ಕಾಗದದ ಮೇಲೆ ಪಾಸ್ ಎಂದು ಬರೆದರು. ಮೇಡಂ ಕಾರಿನಿಂದಿಳಿದು ಓಡಿ ಬಂದರು. "ಮೇಷ್ಟ್ರೇ, ನಿಂತಿತು! ಕಾರು ನಿಂತಿತು!"

"ಅದು ನಿಂತಿದ್ದಲ್ಲ. ನೀವು ನಿಲ್ಲಿಸಿದ್ದು," ಎಂದರು ಮೇಷ್ಟ್ರು.

ಮೇಡಂ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಆಮೇಲೆ ಟೇಲರಕ್ಕನ ಮುಖ ನೋಡಿ ಅವರ ಸಂತೋಷ ಅರ್ಧವಾಯಿತು. "ಅಕ್ಕಾ, ನಿಮ್ಮ ಮನೆ... ನಾನು ಮಾತು ಕೊಟ್ಟಿದ್ದು ಹಾಗೆ. ನನಗೆ ಹೇಗೆ ಹೇಳಬೇಕೋ ತಿಳೀತಿಲ್ಲ."

"ಅದಿರಲಿ ಬಿಡಿ. ಪಾಸಾದ್ರಲ್ಲ, ಸಂತೋಷ," ಎಂದರು ಅಕ್ಕ. ನಂತರ, ಬಟ್ಟೆ ತಂದವರನ್ನು ಅಳೆಯುವ ಹಾಗೆ ಮೇಡಂ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಅಂದ ಹಾಗೆ, ಕಾರು ತಗೊಂಡ್ರೆ ಎಲ್ಲಿ ನಿಲ್ಲಿಸ್ತೀರಿ?"

"ಅದೇ ಯೋಚನೆ ಅಕ್ಕಾ. ಈಗಿರೋ ಮನೆಯಲ್ಲಿ ಜಾಗ ಇಲ್ಲ. ಅಂಥ ಮನೆ ಎಲ್ಲಿ ಹುಡುಕಲಿ?"

"ಎರಡು ಬಾಗಿಲಿನ ಗೇಟಿದ್ರೆ ಸಾಕಾ? ಒಳಗೆ ಚಾವಣಿ ಇರಬೇಕಾ?"

ಮೇಷ್ಟ್ರು ತಟ್ಟನೆ ತಿರುಗಿದರು. "ಏಯ್, ಅದು ನಾನು..."

"ನೀವು ಸುಮ್ನಿರಿ. ಬೀದಿನೂ ಮೇಡಂಗೆ ಗೊತ್ತಿರೋದೇ, ಗೋಡೆನೂ ಗೊತ್ತಿರೋದೇ. ಊರಲ್ಲಿ ಬೇರೆ ಎಲ್ಲಿಗೆ ಹೋದ್ರೂ ಮತ್ತೆ ಹೊಸದಾಗಿ ಗುದ್ದಿ ಅಭ್ಯಾಸ ಮಾಡ್ಕೋಬೇಕು." ಆಮೇಲೆ ಅಕ್ಕ ಗಂಡನ ಕಡೆ ತಿರುಗಿದರು. ಈ ಸಲ ದನಿಯಲ್ಲಿ ತಮಾಷೆ ಇರಲಿಲ್ಲ. "ಇನ್ನು ಮೂರು ವಾರದಲ್ಲಿ ನಮ್ಮನೆ ಮಾರಾಟ ಆಗುತ್ತೆ ಅಂತ ನಿಮಗೆ ನಂಬಿಕೆ ಇದ್ರೆ ಹೇಳಿ, ನಾನು ಬಾಯಿ ಮುಚ್ಚಿಕೊಳ್ತೀನಿ."

ಮೇಷ್ಟ್ರು ಬಹಳ ಹೊತ್ತು ಮೈದಾನದ ಕಡೆ ನೋಡಿದರು. ಅಲ್ಲಿ ಅವರ ಬಿಳಿ ಕಾರು ಗೆರೆಯ ಮೇಲೇ ನಿಂತಿತ್ತು. ಹಿಂದಿನವರು ಹಾರನ್ ಹೊಡೆಯುತ್ತಿದ್ದರು.

"ಮೇಡಂ," ಎಂದರು ಕೊನೆಗೆ, "ನರ್ಸಮ್ಮ ಮನೇಲೇ ಇರ್ತಾರೆ. ಹೋಗಿ ಮಾತಾಡೋಣ ಬನ್ನಿ. ನೀವೇ ಓಡಿಸಿ."

ಮೇಡಂ ಕೂಡಿಟ್ಟಿದ್ದೂ ಇತ್ತು, ಬ್ಯಾಂಕಿನವರು ಅಂಗಡಿ ನೋಡಿ ಸಾಲ ಕೊಟ್ಟಿದ್ದೂ ಆಯಿತು. ಗಡುವಿಗೆ ಎರಡು ದಿನ ಇರುವಾ‌ಗಲೇ ನರ್ಸಮ್ಮನಿಗೆ ಪೂರ್ತಿ ಬೆಲೆ ಕೈಸೇರಿತು. ಅವರು ಮೇಷ್ಟ್ರ ಮುಂಗಡವನ್ನು ಲಕೋಟೆಯಲ್ಲಿ ಹಾಕಿ ತಂದರು. ಮೇಷ್ಟ್ರು ಕೈಚಾಚಿದರು. ನರ್ಸಮ್ಮ ಅವರನ್ನು ದಾಟಿ ಹೋಗಿ ಟೇಲರಕ್ಕನ ಕೈಗೆ ಕೊಟ್ಟರು.

"ಇಟ್ಟುಕೊಂಡಿದ್ರೂ ಕೇಳೋ ಹಾಗಿರಲಿಲ್ಲ ನೀವು. ಆದ್ರೆ ನನಗೆ ಬೇಕಾಗಿದ್ದು ಮನೆಯ ಬೆಲೆ, ಅದು ಬಂತು," ಎಂದರು. "ಇವರ ಕೈಗೆ ಮಾತ್ರ ಕೊಡಲ್ಲ. ದಾರಿಯಲ್ಲಿ ಇನ್ಯಾವ ಮನೆ ಕಾಣುತ್ತೋ."

ಬ್ರೋಕರ್ ಅಲ್ಲಿಗೂ ಬಂದಿದ್ದ. ತಾನು ಬೋರ್ಡು ಬರೆಸದಿದ್ದರೆ ಮೇಡಂ ಮೆಟ್ಟಿಲು ಹತ್ತುತ್ತಲೇ ಇರಲಿಲ್ಲ, ಆದ್ದರಿಂದ ಈ ವ್ಯಾಪಾರ ತನ್ನದೇ ಎಂದು ವಾದಿಸಿದ. ನರ್ಸಮ್ಮ ಅವನಿಗೆ ಒಂದು ಕಪ್ ಚಹಾ ಕೊಟ್ಟು ಕಳಿಸಿದರು.

ಗಂಡ ಹೆಂಡತಿ ನಡೆದು ಬಂದರು. ಓಣಿಯ ಬುಡದಲ್ಲಿ ಖಾಲಿ ಇದ್ದ ಅಂಗಡಿಯ ಮುಂದೆ ಅಕ್ಕ ನಿಂತು, ಮುಚ್ಚಿದ ಬಾಗಿಲಿನ ಅಗಲವನ್ನು ಗೇಣು ಹಾಕಿ ಅಳೆದರು. ಯಂತ್ರ ಒಳಗೆ ಹೋಗುತ್ತದೆಂದು ಖಾತ್ರಿಯಾದ ಮೇಲೆ ಇಬ್ಬರೂ ಮೆಟ್ಟಿಲು ಹತ್ತತೊಡಗಿದರು. ಅರ್ಧ ಹತ್ತಿದಾಗ ಅಕ್ಕ ಉಸಿರಿಗೆ ನಿಂತರು.

"ಆ ಮನೆ ಮೇಲೆ ಬಹಳ ಆಸೆ ಇತ್ತಾ ನಿಮಗೆ?"

"ಇತ್ತು ಕಣೇ," ಎಂದರು ಮೇಷ್ಟ್ರು. "ಬೆಳಿಗ್ಗೆ ಎದ್ದು, ಚಪ್ಪಲಿ ಕೂಡ ಹಾಕದೆ ಹೋಗಿ, ಕಾರಿನ ಮೇಲಿನ ಧೂಳು ಒರೆಸಬಹುದಿತ್ತು."

ಅಕ್ಕ ಸೆರಗಿನಿಂದ ಮುಖದ ಬೆವರು ಒರೆಸಿಕೊಂಡರು.

"ಮೊದಲೇ ನನ್ನ ಕೂರಿಸಿಕೊಂಡು ಇದನ್ನ ಹೇಳಿದ್ರೆ ನಾನು ಬೇಡ ಅಂತಿದ್ನಾ? ಹೀಗೆ ಅಂತ ಹೇಳಿ, ನಮ್ಮನೆ ಮಾರಿ, ಆಮೇಲೆ ಇಬ್ಬರೂ ಹೋಗಿ ನೋಡಬಹುದಿತ್ತು."

"ಅಂತಿರಲಿಲ್ಲ."

"ಮತ್ತೆ?"

"ಹೇಳೋಕೆ ಹೊರಟಾಗಲೆಲ್ಲ ಕಾಲು ಒತ್ತಿಬಿಡ್ತಿತ್ತು," ಎಂದರು ಮೇಷ್ಟ್ರು.

ಟೇಲರಕ್ಕ ಮೆಟ್ಟಿಲ ಮೇಲೆ ಕೂತು ನಗಲಾರಂಭಿಸಿದರು. ಮೇಷ್ಟ್ರಿಗೂ ನಗು ಬಂತು. ಇಳಿದು ಬರುತ್ತಿದ್ದವರಿಗೆ ದಾರಿ ಬಿಡಲು ಇಬ್ಬರೂ ಗೋಡೆಗೆ ಒತ್ತಿಕೊಂಡು ಕೂರಬೇಕಾಯಿತು.